ಕರಿದ ಎಣ್ಣೆ ಸೋಸಿದರೆ ಬಯೋಡೀಸೆಲ್ ಆಗುತ್ತಾ?

ಕರಿದು ಉಳಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಡೀಸೆಲ್ ಟ್ಯಾಂಕಿಗೆ ಸುರಿದರೆ ಸಾಕು, ಅದೇ ಬಯೋಡೀಸೆಲ್ (ಎಣ್ಣೆಯಿಂದ ಮಾಡೋ, ಡೀಸೆಲ್‌ನಂಥ ಇಂಧನ) ಅನ್ನೋ ಮೆಸೇಜ್ ಮತ್ತೆ ಮತ್ತೆ ಬರುತ್ತಿರುತ್ತದೆ. ಇದು ನಿಜ ಅಲ್ಲ. ನಂಬಿದವರನ್ನು ದೂರುವಂತೆಯೂ ಇಲ್ಲ, 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಒಂದು ಕಡಲೆಕಾಯಿ ಎಣ್ಣೆಯಲ್ಲೇ ಓಡಿತ್ತು.

ಆದರೆ ಈಗಿನ ಎಂಜಿನ್ ಬೇರೆ. ಅಡುಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು 10 ಪಟ್ಟು ಮಂದ. ಎಂಜಿನ್ ಒಳಗೆ ಇಂಧನ ಚಿಮ್ಮಿಸೋ ಇಂಜೆಕ್ಟರಿನ ಕೂದಲೆಳೆಯಂಥ ತೂತಿನಿಂದ ಅದು ಮಂಜಿನ ಹಾಗೆ ಚಿಮ್ಮೋದಿಲ್ಲ, ದಪ್ಪ ಹನಿಯಾಗಿ ಬಿದ್ದು, ಅರ್ಧಂಬರ್ಧ ಉರಿದು, ಮಸಿ ಕಟ್ಟುತ್ತದೆ. ಮೊದಮೊದಲು ಗಾಡಿ ಚೆನ್ನಾಗೇ ಓಡಬಹುದು. ತೊಂದರೆ ಕಾಣೋದು ಆಮೇಲೆ.

ಬಯೋಡೀಸೆಲ್ ಆಗಬೇಕಾದರೆ ಎಣ್ಣೆಯೇ ಬದಲಾಗಬೇಕು. ಮೆಥನಾಲ್ ಅನ್ನೋ ಆಲ್ಕೋಹಾಲ್‌ನಲ್ಲಿ ಕಾಸ್ಟಿಕ್ ಸೋಡಾ ಕರಗಿಸಿ ಬಿಸಿ ಎಣ್ಣೆಗೆ ಸೇರಿಸಿದಾಗ ಕಂದು ಬಣ್ಣದ ಗ್ಲಿಸರಿನ್ ತಳಕ್ಕಿಳಿಯುತ್ತದೆ, ಮೇಲೆ ತೆಳ್ಳಗಿನ ಇಂಧನ ನಿಲ್ಲುತ್ತದೆ. ಮೆಥನಾಲ್ ವಿಷ, ಬೇಗ ಬೆಂಕಿ ಹಿಡಿಯುತ್ತೆ, ದಯವಿಟ್ಟು ಮನೆಯಲ್ಲಿ ಮಾಡೋಕೆ ಹೋಗಬೇಡಿ.

ಮೆಸೇಜಿನಲ್ಲಿ ಗ್ಲಿಸರಿನ್ ಬೇರೆ ಮಾಡುವ ಮಾತೇ ಇಲ್ವಾ? ಹಾಗಾದರೆ ಅದು ಬರೀ ಎಣ್ಣೆ. ಯಾವ ಎಂಜಿನ್, ಎಷ್ಟು ದಿನ ಓಡಿಸಿದ್ದು ಅಂತ ಬರೆದಿದೆಯಾ ನೋಡಿ. ಆಮೇಲೆ ನಿಮ್ಮ ಗಾಡಿಯ ಮ್ಯಾನುಯಲ್ ತೆಗೆಯಿರಿ. ಅಲ್ಲಿ ಬಿ7 ಅಂತಿದ್ದರೆ, ಡೀಸೆಲ್‌ನಲ್ಲಿ ಶೇ. 7ರವರೆಗೆ ಬಯೋಡೀಸೆಲ್ ಬೆರೆತಿದ್ದರೆ ನಡೆಯುತ್ತದೆ ಅಂತ ಅರ್ಥ. ಬಿ20 ಅಂದರೆ ಶೇ. 20ರವರೆಗೆ.