ವಾಟನ ಜೊತೆಗೆ ವಿಲ್ಕಿನ್‌ಸನ್ನನೂ ಇರಬೇಕಿತ್ತು
ಉಗಿಯಂತ್ರವನ್ನು ಜೇಮ್ಸ್ ವಾಟ್ ಕಂಡುಹಿಡಿದ ಎಂದು ನಾನು ಓದಿದ ಲೇಖನವೊಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದೆ. ಆದರೆ ವಾಟನಿಗಿಂತ ಮೊದಲೇ ಥಾಮಸ್ ನ್ಯೂಕಮನ್ನನ ಉಗಿಯಂತ್ರ 1712ರಿಂದಲೇ ಇಂಗ್ಲೆಂಡಿನ ಗಣಿಗಳ ನೀರೆತ್ತುತ್ತಿತ್ತು. ಪ್ರತಿ ಸಲವೂ ಸಿಲಿಂಡರನ್ನೇ ಕಾಯಿಸಿ ತಣಿಸಬೇಕಾದ್ದರಿಂದ ಕಲ್ಲಿದ್ದಲನ್ನು ಬಕಾಸುರನಂತೆ ನುಂಗುತ್ತಿತ್ತು. ಉಗಿ ತಣಿಯಲು ಬೇರೆಯೇ ಪಾತ್ರೆ ಇಟ್ಟದ್ದು ವಾಟನ ಜಾಣ್ಮೆ. 1769ರಲ್ಲಿ ಪೇಟೆಂಟೂ ಸಿಕ್ಕಿತು. ಆದರೂ ಯಂತ್ರ ವರ್ಷಗಟ್ಟಲೆ ಕುಂಟಿತು. ಸಿಲಿಂಡರಿನ ಒಳಮೈ ಸೊಟ್ಟ, ಪಿಸ್ಟನ್ ಸುತ್ತ ಉಗಿ ಸೋರಿಕೆ. ಸಂದಿಗೆ ಎಣ್ಣೆಬಟ್ಟೆ, ಹಳೆಯ ಟೋಪಿ ಎಲ್ಲ ತುರುಕಿ ನೋಡಿದ್ದನಂತೆ, ಪಾಪ! ಕೊನೆಗೆ ಕೈಹಿಡಿದದ್ದು ಇಂಗ್ಲೆಂಡಿನ ಕಬ್ಬಿಣದ ಉದ್ಯಮಿ ಜಾನ್ ವಿಲ್ಕಿನ್‌ಸನ್ನನ ಸಿಲಿಂಡರ್ ಕೊರೆಯುವ ಯಂತ್ರ. ಕೊರೆಯುವ ದಂಡಕ್ಕೆ ಎರಡೂ ತುದಿಯಲ್ಲಿ ಆಸರೆ ಇದ್ದುದರಿಂದ ಅದು ಬಾಗುತ್ತಿರಲಿಲ್ಲ. 50 ಅಂಗುಲ ವ್ಯಾಸದ ಸಿಲಿಂಡರಿನಲ್ಲಿ ತಪ್ಪು ಹಳೆಯ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ಇರಲಿಲ್ಲ ಎಂದು ವಾಟನ ಪಾಲುದಾರ ಬೋಲ್ಟನ್ ಬರೆದಿದ್ದಾನೆ.