ಕಟ್ಟಿಸಿದವರು ಗೊತ್ತು, ಕೆತ್ತಿದವರು ಯಾರು?

ಹೋದ ಬೇಸಿಗೆಯಲ್ಲಿ ಅಪ್ಪ ಲಂಡನ್ನಿಗೆ ಬಂದಿದ್ದರು. ಅವರನ್ನು ವೆಸ್ಟ್‌ಮಿನ್‌ಸ್ಟರ್ ಅರಮನೆಗೆ, ಅಂದರೆ ಇಲ್ಲಿನ ಪಾರ್ಲಿಮೆಂಟಿಗೆ ಕರೆದುಕೊಂಡು ಹೋದೆ. ನಡುವೆ ಎಂಟು ಮೂಲೆಯ ದೊಡ್ಡ ಹಜಾರವಿದೆ, ಸೆಂಟ್ರಲ್ ಲಾಬಿ. ಎಲ್ಲರೂ ಕತ್ತೆತ್ತಿ ಚಾವಣಿ ನೋಡುತ್ತಿದ್ದರೆ ಅಪ್ಪ ನೆಲ ನೋಡುತ್ತಾ ನಿಂತುಬಿಟ್ಟರು. "ತುಳಿಯೋಕೆ ಮನಸ್ಸೇ ಬರಲ್ಲ ಕಣೋ" ಅಂದರು.

ಆ ಟೈಲ್ಸ್ ಮೇಲಿನ ಚಿತ್ತಾರ ಬಣ್ಣ ಬಳಿದದ್ದಲ್ಲ. ಹಸಿ ಮಣ್ಣಿನ ಬಿಲ್ಲೆಯಲ್ಲಿ ಅಚ್ಚು ಒತ್ತಿ, ಆ ತಗ್ಗಿಗೆ ಬೇರೆ ಬಣ್ಣದ ಮಣ್ಣು ತುಂಬಿ ಸುಟ್ಟದ್ದು. ಮೇಲ್ಮೈ ಸವೆದರೂ ಹೂವು, ಬಳ್ಳಿ ಬೇಗ ಅಳಿಸುವುದಿಲ್ಲ. ಮಾಡಿದ್ದು ಮಿಂಟನ್ ಕಂಪನಿ, ಚಿತ್ತಾರ ಆಗಸ್ಟಸ್ ಪ್ಯೂಜಿನ್‌ದು. ತೀರಾ ಸವೆದ ಕಡೆ ಈಗ ಅದೇ ಹಳೆ ವಿಧಾನದಲ್ಲಿ ಬಿಲ್ಲೆ ಮಾಡಿಸಿ ಕೂರಿಸಿದ್ದಾರೆ.

ಈ ಅರಮನೆಯ ಹಳೆಯ ಕಟ್ಟಡ 1834ರ ಅಕ್ಟೋಬರ್ 16ರಂದು ಸುಟ್ಟುಹೋಯಿತು. ಲೆಕ್ಕಕ್ಕೆ ಕಚ್ಚು ಹಾಕಿದ್ದ ಹಳೆ ಮರದ ಕಡ್ಡಿಗಳನ್ನು ಒಲೆಗೆ ತುರುಕಿ ಉರಿಸಿದ್ದೇ ಕಾರಣ. 11ನೇ ಶತಮಾನದ ವೆಸ್ಟ್‌ಮಿನ್‌ಸ್ಟರ್ ಹಾಲ್ ಮಾತ್ರ ಪುಣ್ಯಕ್ಕೆ ಉಳಿಯಿತು. ಹೊಸದಕ್ಕೆ ಬಂದ 97 ನಕ್ಷೆಗಳಲ್ಲಿ ಗೆದ್ದದ್ದು ಚಾರ್ಲ್ಸ್ ಬ್ಯಾರಿಯದು. ಒಳಗಿನ ಅಲಂಕಾರವೆಲ್ಲ ಪ್ಯೂಜಿನ್ ಕೈಚಳಕ. ಗೋಡೆ ಕಾಗದ, ಕುರ್ಚಿ, ಮಸಿಕುಡಿಕೆ ಕೂಡ ಬಿಡಲಿಲ್ಲ. 1852ರಲ್ಲಿ, ಬರೀ 40ನೇ ವಯಸ್ಸಿಗೆ ತೀರಿಕೊಂಡ. ಪೂರ್ತಿ ಆದದ್ದನ್ನು ನೋಡಲೇ ಇಲ್ಲ.

1941ರಲ್ಲಿ ಬಾಂಬು ಬಿದ್ದು ಕಾಮನ್ಸ್, ಅಂದರೆ ಪಾರ್ಲಿಮೆಂಟಿನ ಕೆಳಮನೆಯ ಸಭಾಂಗಣ ನೆಲಸಮವಾಯಿತು. ಮತ್ತೆ ಕಟ್ಟುವಾಗ ಬಾಗಿಲಿನ ಕಮಾನಿಗೆ ಅದೇ ಒಡೆದ, ಸುಟ್ಟ ಕಲ್ಲುಗಳನ್ನು ಬಳಸಿದರು. ಚರ್ಚಿಲ್ ಹೇಳಿದ್ದು ಹಾಗೆ. ಗಾಯದ ಗುರುತು ಈಗಲೂ ಕಾಣುತ್ತದೆ. ನನಗೆ ಇಲ್ಲಿ ತುಂಬಾ ಹಿಡಿಸಿದ್ದು ಇದೇ. ನಾವಾದರೆ ಹಳೆ ಗೋಡೆ ಕಂಡ ಕೂಡಲೇ ಸುಣ್ಣ ಬಳಿಯೋಣ ಅನ್ನುತ್ತೇವೆ.

ಒಂದು ವಿಷಯದಲ್ಲಿ ಮಾತ್ರ ನಮ್ಮ ವಿಧಾನಸೌಧವೇ ಜಾಸ್ತಿ ಇಷ್ಟ. ಆ ಲಾಬಿಯ ನೆಲದಲ್ಲಿ ಬೈಬಲ್ಲಿನ ಸಾಲು ಇದೆ. ದೇವರು ಕಟ್ಟದ ಮನೆಗೆ ದುಡಿದವರ ದುಡಿಮೆ ವ್ಯರ್ಥ ಅಂತ ಅರ್ಥ. ಇರುವುದು ಲ್ಯಾಟಿನ್‌ನಲ್ಲಿ! ತುಳಿದುಕೊಂಡು ಹೋಗುವ ಎಷ್ಟು ಜನರಿಗೆ ಅದು ಓದಲು ಬರುತ್ತದೆ? ನಮ್ಮಲ್ಲಿ 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಕನ್ನಡದಲ್ಲೇ ಇದೆ. ಅರ್ಜಿ ಹಿಡಿದು ಹಳ್ಳಿಯಿಂದ ಬಂದವರು ತಲೆ ಎತ್ತಿದರೆ ಸಾಕು, ಓದಿಕೊಳ್ಳುತ್ತಾರೆ. ಒಳಗಿರುವವರಿಗೂ ನೆನಪಿಸಬಹುದು.

ಆಮೇಲೆ ಸೇತುವೆ ದಾಟಿ ಥೇಮ್ಸ್‌ನ ಆಚೆ ದಡಕ್ಕೆ ಹೋದೆವು. ಅಲ್ಲಿ ಬಸವಣ್ಣನವರ ಪ್ರತಿಮೆ ಇದೆ, 2015ರಲ್ಲಿ ಅನಾವರಣವಾದದ್ದು. ಅಪ್ಪ ಕೈಮುಗಿದು ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ನಮ್ಮ ಸೌಧದ ಕಲ್ಲು ಕೆಲಸ ಯಾರು ಮಾಡಿದ್ದೋ?"

"ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಅಲ್ವಾ? ಇಂಜಿನಿಯರ್ ಮಾಣಿಕಂ."

"ಅವರು ಕಟ್ಟಿಸಿದವರು. ನಾನು ಕೇಳಿದ್ದು ಕೆತ್ತಿದವರನ್ನ."

ನನ್ನಲ್ಲಿ ಉತ್ತರ ಇರಲಿಲ್ಲ. ನೆಹರೂ ಅಡಿಗಲ್ಲು ಇಟ್ಟದ್ದು 1951ರಲ್ಲಿ, ಕಟ್ಟಡ ಮುಗಿದದ್ದು 1956ರಲ್ಲಿ. ಅಷ್ಟರೊಳಗೆ ಅಷ್ಟೊಂದು ಗ್ರಾನೈಟ್ ಕಡಿದು, ಕಂಬಗಳನ್ನು ಕಡೆದು ನಿಲ್ಲಿಸಿದ್ದು ಸಾವಿರಾರು ಕೈಗಳು. ಅದರಲ್ಲಿ ಕೈದಿಗಳೂ ಇದ್ದರು. 2025ರಿಂದ ವಿಧಾನಸೌಧದೊಳಗೆ ಜನರಿಗೆ ಗೈಡ್ ಟೂರ್ ಶುರುವಾಗಿದೆ, ಬಹಳ ಸಂತೋಷ. ಆ ಟೂರಿನಲ್ಲಿ ಕಲ್ಲನ್ನು ಹೇಗೆ ಸೀಳಿದರು, ಯಾವ ಉಳಿ ಹಿಡಿದರು ಅನ್ನುವುದನ್ನು ಹೇಳಬೇಕು. ಆಗ ಇಪ್ಪತ್ತರ ಹುಡುಗರಾಗಿದ್ದ ಕಲ್ಲುಕುಟಿಗರಿಗೆ ಈಗ ತೊಂಬತ್ತು ದಾಟಿರುತ್ತದೆ. ಅವರ ಮಕ್ಕಳಾದರೂ ಇರುತ್ತಾರೆ. ಹೋಗಿ ಕೇಳಿ, ಹೆಸರು ಬರೆದುಕೊಳ್ಳಬೇಕು. ಈ ವರ್ಷವೇ.