ನುಂಗೋದಕ್ಕಾದರೆ ಸಾಕಾ?

ಅಕಲೇಸಿಯಾ ಅನ್ನೋ ಕಾಯಿಲೆಯ ಹೆಸರು ಕೇಳಿದವರು ಕಡಿಮೆ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಹೊಸದಾಗಿ ಬರುತ್ತದೆ. ನಮ್ಮ ಅಕ್ಕನಿಗೆ ಬಂದಿದೆ, ಅದಕ್ಕೇ ನಾನು ಇದರ ಸಂಶೋಧನೆಗಳನ್ನು ಹುಡುಕಿ ಓದೋಕೆ ಶುರು ಮಾಡಿದ್ದು. ಓದಿದ ಮೇಲೆ ಒಂದು ತಕರಾರು ಉಳಿದುಕೊಂಡಿದೆ.

ಮೊದಲು ಕಾಯಿಲೆ ಏನು ಅಂತ ಹೇಳಿಬಿಡುತ್ತೇನೆ. ಅನ್ನನಾಳದ ಕೆಳತುದಿಯಲ್ಲಿ ಬಳೆಯ ಹಾಗೆ ಒಂದು ಸ್ನಾಯು ಇರುತ್ತದೆ. ನುಂಗಿದಾಗ ಅದು ಸಡಿಲವಾಗಬೇಕು. ಅದನ್ನು ಸಡಿಲ ಮಾಡಿಸುವ ನರಕೋಶಗಳು ಸತ್ತುಹೋದರೆ ಬಿಗಿಯಾಗೇ ಉಳಿಯುತ್ತದೆ, ಮೇಲಿನ ನಾಳವೂ ಊಟವನ್ನು ಸರಿಯಾಗಿ ಕೆಳಗೆ ತಳ್ಳುವುದಿಲ್ಲ. ತಿಂದದ್ದು ಎದೆಯಲ್ಲೇ ನಿಲ್ಲುತ್ತದೆ, ಎಷ್ಟೋ ಸಲ ನೀರು ಕೂಡ ಇಳಿಯುವುದಿಲ್ಲ, ರಾತ್ರಿ ಮಲಗಿದರೆ ಬಾಯಿಗೆ ವಾಪಸ್ ಬರುತ್ತದೆ, ತೂಕ ಇಳಿಯುತ್ತಾ ಹೋಗುತ್ತದೆ. ಶುರುವಿನಲ್ಲಿ ಎಂಡೋಸ್ಕೋಪಿ ಮಾಡಿದರೆ ಎಲ್ಲ ಸರಿಯಾಗೇ ಇದೆ ಅಂತ ಬರಬಹುದು. ಹಾಗಾಗಿ ಎಷ್ಟೋ ಜನ ಆಸಿಡಿಟಿ ಮಾತ್ರೆ ತಗೊಂಡೇ ವರ್ಷಗಟ್ಟಲೆ ಕಳೆಯುತ್ತಾರೆ. ಮೂಗಿನಿಂದ ತೆಳುವಾದ ಕೊಳವೆ ಇಳಿಸಿ ಒತ್ತಡ ಅಳೆಯುವ ಮ್ಯಾನೊಮೆಟ್ರಿ ಮಾಡಿದಾಗಲೇ ಖಚಿತವಾಗೋದು. ಆ ಪರೀಕ್ಷೆಗೆ ಮೊದಲು ಒಬ್ಬ ಡಾಕ್ಟರು ಅಕ್ಕನಿಗೆ "ಇದೆಲ್ಲ ಬರೀ ಟೆನ್ಶನ್" ಅಂದಿದ್ದರು. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಇದಕ್ಕೆ ಚಿಕಿತ್ಸೆ ಹುಡುಕೋದು ಹೊಸದೇನಲ್ಲ. 1674ರಲ್ಲೇ ಥಾಮಸ್ ವಿಲ್ಲಿಸ್ ಎಂಬ ಇಂಗ್ಲೆಂಡಿನ ವೈದ್ಯ ಒಬ್ಬ ರೋಗಿಗೆ ತಿಮಿಂಗಿಲದ ಬಾಯಿಂದ ಸಿಗುವ ಬಾಗುವ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿ ಕೊಟ್ಟಿದ್ದ, ಅದರಿಂದ ಊಟವನ್ನು ಕೆಳಗೆ ತಳ್ಳಿಕೊಳ್ಳಬೇಕಿತ್ತು. 1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ ಆ ಸ್ನಾಯುವನ್ನೇ ಸೀಳುವ ಆಪರೇಷನ್ ಮಾಡಿದ. ಬಲೂನ್ ಹಾಕಿ ಹಿಗ್ಗಿಸುವುದೂ ಇದೆ. 2008ರಲ್ಲಿ ಜಪಾನಿನ ಹಾರುಹಿರೊ ಇನೋವೆ ಬಾಯಿಯ ಮೂಲಕವೇ ಎಂಡೋಸ್ಕೋಪ್ ಇಳಿಸಿ, ನಾಳದ ಗೋಡೆಯೊಳಗೆ ಸುರಂಗ ಮಾಡಿ ಸ್ನಾಯು ಕತ್ತರಿಸಿದರು. ಅದೇ ಪೋಯಮ್ (POEM) ಅನ್ನೋ ಚಿಕಿತ್ಸೆ. ಹೊಟ್ಟೆ ಮೇಲೆ ಒಂದು ಗಾಯವೂ ಇಲ್ಲ. ಆದರೆ ಇವೆಲ್ಲ ದಾರಿ ಸಡಿಲ ಮಾಡುವ ಕೆಲಸಗಳು. ಸತ್ತ ನರಕೋಶವನ್ನು ಯಾವುದೂ ವಾಪಸ್ ತರೋದಿಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. 2019ರಲ್ಲಿ 221 ರೋಗಿಗಳ ಮೇಲೆ ಪೋಯಮ್ ಮತ್ತು ಲ್ಯಾಪರೊಸ್ಕೋಪಿಯ (ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ನಡೆಸುವ) ಹೆಲ್ಲರ್ ಆಪರೇಷನ್ ಎರಡನ್ನೂ ಹೋಲಿಸಿದ ಅಧ್ಯಯನ ಪ್ರಕಟವಾಯಿತು. ಎರಡು ವರ್ಷದ ನಂತರ ಯಶಸ್ಸು ಪೋಯಮ್‌ನಲ್ಲಿ ಶೇ. 83, ಆಪರೇಷನ್‌ನಲ್ಲಿ ಶೇ. 81.7. ಎರಡೂ ಸಮ ಅಂತಾಯಿತು. ಆದರೆ ಆ ಯಶಸ್ಸನ್ನು ಅಳೆದದ್ದು ಹೇಗೆ? ಎಕಾರ್ಟ್ ಸ್ಕೋರ್ ಅಂತ ಒಂದಿದೆ. ಊಟ ಸಿಕ್ಕಿಕೊಳ್ಳೋದು, ವಾಪಸ್ ಬರೋದು, ಎದೆನೋವು, ತೂಕ ಇಳಿಯೋದು, ಇವಕ್ಕೆ ಅಂಕ ಕೊಡುತ್ತಾರೆ. ಒಟ್ಟು 12ರಲ್ಲಿ 3 ಅಥವಾ ಕಡಿಮೆ ಇದ್ದು, ಮತ್ತೆ ಚಿಕಿತ್ಸೆ ಬೇಕಾಗದಿದ್ದರೆ ಯಶಸ್ಸು. ಆಸಿಡ್ ಮೇಲೆ ಬಂದು ಅನ್ನನಾಳ ಸುಟ್ಟಿದೆಯಾ ಅನ್ನೋದಕ್ಕೆ ಅದರಲ್ಲಿ ಜಾಗವೇ ಇಲ್ಲ!

ಅದೇ ಅಧ್ಯಯನದಲ್ಲಿ ಎಂಡೋಸ್ಕೋಪಿ ಮಾಡಿ ನೋಡಿದಾಗ, ಮೂರು ತಿಂಗಳಿಗೆ ಪೋಯಮ್ ಆದವರಲ್ಲಿ ಶೇ. 57 ಜನರಿಗೆ ಆಸಿಡ್‌ನಿಂದ ಉರಿಯೂತ ಇತ್ತು, ಆಪರೇಷನ್ ಆದವರಲ್ಲಿ ಶೇ. 20. ಎರಡು ವರ್ಷಕ್ಕೆ 44 ಮತ್ತು 29. ಆಪರೇಷನ್‌ನಲ್ಲಿ ಜಠರದ ಮೇಲ್ಭಾಗವನ್ನು ಅನ್ನನಾಳದ ಸುತ್ತ ಸ್ವಲ್ಪ ಹೊಲಿದು ತಡೆ ಮಾಡುತ್ತಾರೆ, ಪೋಯಮ್‌ನಲ್ಲಿ ಆ ತಡೆ ಇರೋದಿಲ್ಲ. ಇಂಥ ವ್ಯತ್ಯಾಸವನ್ನು ರೋಗಿಗೆ ಮೊದಲೇ ಕೂರಿಸಿಕೊಂಡು ಹೇಳಬೇಕು ಅಲ್ವಾ?

ಪೋಯಮ್ ಬೇಡ ಅಂತ ನಾನು ಹೇಳುತ್ತಿಲ್ಲ. ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ ಅದು ಬಲೂನ್ ಚಿಕಿತ್ಸೆಗಿಂತ ಎಷ್ಟೋ ಮುಂದಿತ್ತು, ಯಶಸ್ಸು ಪೋಯಮ್‌ನಲ್ಲಿ ಶೇ. 92, ಬಲೂನ್‌ನಲ್ಲಿ ಶೇ. 54. ಅನ್ನನಾಳ ಸೆಳೆತದಿಂದ ಹಿಂಡಿಕೊಳ್ಳುವ ಮೂರನೇ ಬಗೆಯ ಅಕಲೇಸಿಯಾಗೆ ಉದ್ದಕ್ಕೆ ಕತ್ತರಿಸಬೇಕಾಗುತ್ತದೆ, ಅಲ್ಲಿ ಪೋಯಮ್ಮೇ ಅನುಕೂಲ. ಉರಿಯೂತವೂ ಬಹಳಷ್ಟು ಜನರಲ್ಲಿ ಮಾತ್ರೆಗೆ ಹತೋಟಿಗೆ ಬರುತ್ತದೆ. ಆದರೆ ಇಪ್ಪತ್ತೈದರ ಹುಡುಗಿಗೆ ಮುಂದಿನ ನಲವತ್ತು ವರ್ಷದ ಮಾತ್ರೆ ಸಣ್ಣ ವಿಷಯ ಅಲ್ಲ. ಸಂಶೋಧನೆ ಮಾಡುವವರು ನುಂಗೋದರ ಜೊತೆಗೆ ಇದನ್ನೂ ಯಶಸ್ಸಿನ ಲೆಕ್ಕಕ್ಕೆ ಸೇರಿಸಲಿ, ತುಂಬಾ ಜಾಸ್ತಿ ಕಾಲ ನೋಡಲಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ, ಮ್ಯಾನೊಮೆಟ್ರಿಯಲ್ಲಿ ಯಾವ ಬಗೆ ಬಂತು ಅಂತ ಡಾಕ್ಟರನ್ನು ಕೇಳಿ. ಪೋಯಮ್ ಆಗಿದ್ದರೆ ಎದೆಯುರಿ ಇಲ್ಲ ಅಂತ ಸುಮ್ನೆ ಕೂರಬೇಡಿ. ಒಳಗೆ ಉರಿಯೂತ ಇದ್ದರೂ ಎಷ್ಟೋ ಜನರಿಗೆ ಏನೂ ಗೊತ್ತಾಗೋದಿಲ್ಲ, ಆಮೇಲಿನ ಎಂಡೋಸ್ಕೋಪಿ ಯಾವಾಗ ಅಂತ ಕೇಳಿ ಬರೆಸಿಕೊಂಡೇ ಬನ್ನಿ.